ಬಿಸಿಲ ಊರಿನ ಗಾಡಿಗೆ ಯಾವ ಬ್ಯಾಟರಿ?



ಈಗ ನಮ್ಮಲ್ಲಿ ಹಲವರ ಮನೆಯಲ್ಲಿ ಗಾಡಿ ಇದೆ. ಕೆಲವರದು ಬಾಡಿಗೆ ಕಾರು. ಕೆಲವರದು ತರಕಾರಿ ಸಾಗಿಸುವ ಚಿಕ್ಕ ಗಾಡಿ. ಸಂಘದ ಸಾಲದ ಕಂತು ಕಟ್ಟುವುದು ಆ ಗಾಡಿಯ ದುಡಿಮೆಯಿಂದಲೇ. ಒಂದು ದಿನ ಬೆಳಿಗ್ಗೆ ಕೀಲಿ ತಿರುವಿದರೆ ಬರೀ 'ಟಿಕ್ ಟಿಕ್' ಸದ್ದು. ಗಾಡಿ ಚಾಲೂ ಆಗುವುದಿಲ್ಲ. "ಬ್ಯಾಟರಿ ಹೋಗೈತಿ, ಹೊಸದು ಹಾಕ್ಬೇಕು" ಅಂತಾರೆ ಮೆಕ್ಯಾನಿಕ್. ಅವತ್ತಿನ ಬಾಡಿಗೆಯೂ ಹೋಯ್ತು, ಮೇಲೆ ಸಾವಿರಾರು ರೂಪಾಯಿ ಖರ್ಚೂ ಬಂತು.

ಇಂಥ ಸಮಯದಲ್ಲಿ ಮನೆಯ ಗಂಡಸರು ಅಂಗಡಿಗೆ ಓಡುತ್ತಾರೆ. ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ. ಆದರೆ ಹಣ ನಮ್ಮದೂ ಹೌದಲ್ಲ? ನಾವೂ ಹೋಗೋಣ. ಬ್ಯಾಟರಿಯ ಮೇಲೆ ಇರುವುದು ಹೆಚ್ಚಾಗಿ ಅಂಕಿಗಳು. ಅಂಕಿ ಓದಲು ನಮಗೆ ಬರುತ್ತದೆ.

ಬ್ಯಾಟರಿಯ ಒಳಗೆ ಏನಿದೆ? ಆರು ಪುಟ್ಟ ಖಾನೆಗಳಿವೆ. ಒಂದೊಂದರಲ್ಲಿ ಸೀಸದ ತಗಡುಗಳಿವೆ. ಅವು ಆಸಿಡ್ ಬೆರೆಸಿದ ನೀರಿನಲ್ಲಿ ಮುಳುಗಿವೆ. ಒಂದು ಖಾನೆಯಿಂದ ಸುಮಾರು 2 ವೋಲ್ಟ್ ಕರೆಂಟು ಬರುತ್ತದೆ. ಆರು ಖಾನೆ ಸೇರಿದರೆ 12 ವೋಲ್ಟ್.

ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಂಜಿನ್ನಿನ ಪಕ್ಕ ಇರುವ ಬ್ಯಾಟರಿಗೆ ಅದಕ್ಕಿಂತ ಹೆಚ್ಚು ಕಾವು. ಆ ಕಾವಿಗೆ ಒಳಗಿನ ನೀರು ಆರುತ್ತದೆ. ಸೀಸದ ತಗಡು ಬೇಗ ಸವೆಯುತ್ತದೆ. ಬ್ಯಾಟರಿಯ ಕಾವು 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಬಲ್ಲವರ ಲೆಕ್ಕ.

"ನಮ್ಮ ಬ್ಯಾಟರಿ ಕೆಟ್ಟಿದ್ದು ಚಳಿಗಾಲದಾಗ" ಎಂದು ಕೆಲವರು ಹೇಳಬಹುದು. ನಿಜ, ಗಾಡಿ ನಿಂತದ್ದು ಚಳಿಗಾಲದಲ್ಲೇ. ಚಳಿಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲವೇ? ಹಾಗೆಯೇ ಎಂಜಿನ್ ಆಯಿಲ್ ಕೂಡ ಮಂದವಾಗುತ್ತದೆ. ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕು. ಬೇಸಿಗೆಯಲ್ಲೇ ಸೊರಗಿದ ಬ್ಯಾಟರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಪೆಟ್ಟು ಕೊಟ್ಟದ್ದು ಬೇಸಿಗೆ, ಹೆಸರು ಚಳಿಗಾಲಕ್ಕೆ.

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಮೀಟರ್ ಹಿಡಿದು ಪರೀಕ್ಷೆ ಮಾಡಿಸೋಣ. ಗಾಡಿ ಕೆಲವು ಗಂಟೆ ನಿಂತಿದ್ದಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುತ್ತಿದ್ದಾಗ ಹೆಚ್ಚಿನ ಗಾಡಿಗಳಲ್ಲಿ 13.8ರಿಂದ 14.4 ಇರಬೇಕು. ಅದಕ್ಕಿಂತ ತೀರಾ ಕಡಿಮೆ ಅಥವಾ ಹೆಚ್ಚು ಇದ್ದರೆ ತಪ್ಪು ಗಾಡಿಯದು. ಆಗ ಹೊಸ ಬ್ಯಾಟರಿ ಹಾಕಿದರೂ ವರ್ಷ ತುಂಬುವುದರೊಳಗೆ ಕೆಡಬಹುದು.

ಈಗ ಅಂಗಡಿ. ಮೊದಲು ನೋಡಬೇಕಾದದ್ದು ಎ.ಎಚ್. ಎಂಬ ಅಂಕಿ. ಚಿಕ್ಕ ಪೆಟ್ರೋಲ್ ಕಾರಿಗೆ ಹೆಚ್ಚಾಗಿ 35 ಎ.ಎಚ್. ಸಾಕು. ಡೀಸೆಲ್ ಗಾಡಿಗೆ ಇನ್ನೂ ದೊಡ್ಡದು ಬೇಕು. ನಮ್ಮ ಗಾಡಿಗೆ ಎಷ್ಟು ಬೇಕೆಂದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗೋಣ. ಪ್ಲಸ್ ತುದಿ ಎಡಕ್ಕಿದೆಯೋ ಬಲಕ್ಕಿದೆಯೋ ಅದನ್ನೂ ಬರೆದುಕೊಳ್ಳೋಣ. ತಿರುವು ಮುರುವು ಆದರೆ ತಂತಿ ಮುಟ್ಟುವುದಿಲ್ಲ.

ಕೆಲವು ಅಂಗಡಿಯವರು ಸಿ.ಸಿ.ಎ. ಎಂಬ ಇನ್ನೊಂದು ಅಂಕಿ ತೋರಿಸುತ್ತಾರೆ. "ಇದು ಭಾಳ ಪವರ್ ಐತಿ ಅಕ್ಕಾರ, ರೊಕ್ಕ ಸ್ವಲ್ಪ ಜಾಸ್ತಿ" ಅಂತಾರೆ. ಆ ಅಂಕಿ ಏನು ಹೇಳುತ್ತದೆ? ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಯಾಟರಿ ಎಷ್ಟು ಜೋರಾಗಿ ಎಂಜಿನ್ ತಿರುಗಿಸಬಲ್ಲದು ಎಂದು ಹೇಳುತ್ತದೆ. ಲಡಾಖಿನ ಲೇಹ್‌ನಲ್ಲಿ ಗಾಡಿ ಓಡಿಸುವವರಿಗೆ ಅದು ಬೇಕು. ಅಲ್ಲಿ ಚಾರ್ಜ್ ಇಳಿದ ಬ್ಯಾಟರಿಯ ಒಳಗಿನ ನೀರು ಹೆಪ್ಪುಗಟ್ಟಿ ಡಬ್ಬಿ ಒಡೆಯುವುದೂ ಉಂಟು. ಸಿಂಧನೂರಿನಲ್ಲಿ ಅಂಥ ಚಳಿ ಎಲ್ಲಿ ಬಂತು? ಆ ಒಂದು ಅಂಕಿಗಾಗಿ ನಾವು ಹೆಚ್ಚಿನ ಹಣ ಕೊಡಬೇಕಿಲ್ಲ.

ನಮಗೆ ಮುಖ್ಯವಾದದ್ದು ತಯಾರಾದ ತಿಂಗಳು. ಬ್ಯಾಟರಿ ಸುಮ್ಮನೆ ಇಟ್ಟರೂ ಚಾರ್ಜ್ ಇಳಿಯುತ್ತದೆ. ಬಿಸಿ ಗೋದಾಮಿನಲ್ಲಿ ಇನ್ನೂ ಬೇಗ ಇಳಿಯುತ್ತದೆ. ತಗಡಿನ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಮೂರು ತಿಂಗಳ ಒಳಗಿನದಾದರೆ ಒಳ್ಳೆಯದು. ಆರು ತಿಂಗಳು ದಾಟಿದ್ದರೆ ಬೇರೆ ಕೊಡಿ ಎನ್ನೋಣ. ಕೆಲವು ಕಂಪನಿಗಳು ತಾರೀಕನ್ನು ಗುಟ್ಟಿನ ಅಂಕಿಯಲ್ಲಿ ಹಾಕಿರುತ್ತವೆ. ಅದನ್ನು ಬಿಡಿಸಿ ಹೇಳಲು ಅಂಗಡಿಯವರಿಗೆ ಬರುತ್ತದೆ. ಕೇಳಲು ನಾಚಿಕೆ ಏಕೆ?

ನೀರು ಹಾಕುವ ಬ್ಯಾಟರಿ ಒಳ್ಳೆಯದೋ, ನೀರು ಬೇಡದ್ದು ಒಳ್ಳೆಯದೋ? ನೀರು ಬೇಡದ್ದರ ತಗಡಿಗೆ ಕ್ಯಾಲ್ಸಿಯಂ ಬೆರೆಸಿರುತ್ತಾರೆ. ಅದರ ನೀರು ನಿಧಾನ ಆರುತ್ತದೆ. ಮೇಲೆ ಹಾಕುವ ಹಾಗಿಲ್ಲ. ನೀರು ಹಾಕುವುದನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಲೇಬೇಕು. ನಮ್ಮ ಮಾತು ಇಷ್ಟೇ: ನೋಡುವವರು ಮನೆಯಲ್ಲಿ ಇದ್ದರೆ ನೀರಿನದು ತನ್ನಿ. "ಆಮೇಲೆ ನೋಡಿದರಾಯ್ತು" ಎನ್ನುವ ಮನೆಯಾದರೆ ನೀರು ಬೇಡದ್ದೇ ವಾಸಿ.

ನೀರು ಅಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್ ನೀರಿನಲ್ಲಿ ಉಪ್ಪಿನ ಅಂಶ ಇದೆ, ಅದು ತಗಡನ್ನು ಕೆಡಿಸುತ್ತದೆ. ಆಸಿಡ್ಡನ್ನಂತೂ ಹಾಕಲೇಬಾರದು. ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ. ನೀರು ಅವುಗಳ ನಡುವೆ ಇರಬೇಕು. ಒಳಗಿನ ನೀರು ಸೀರೆಗೆ ತಾಗಿದರೆ ಸೀರೆ ತೂತು. ಕಣ್ಣಿಗೆ ಹಾರಿದರೆ ತಡ ಮಾಡದೆ ತುಂಬಾ ಹೊತ್ತು ಶುದ್ಧ ನೀರು ಸುರಿದು ತೊಳೆದು, ಡಾಕ್ಟರ ಬಳಿ ಹೋಗಬೇಕು. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಅದರಿಂದ ಬರುವ ಗಾಳಿಗೆ ಬೆಂಕಿ ತಗಲುತ್ತದೆ.

ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ. ಅಲ್ಲಿ ತುದಿಗಳಿಗೆ ಬೇಗ ಕಿಲುಬು ಹಿಡಿಯುತ್ತದೆ. ತೊಳೆದು, ಒರೆಸಿ, ವ್ಯಾಸಲೀನ್ ಸವರಬೇಕು.

ಗ್ಯಾರಂಟಿ ಕಾರ್ಡಿನಲ್ಲಿ 18+18 ಎಂದು ಇದ್ದರೆ ಒಟ್ಟು 36 ತಿಂಗಳು ಬಿಟ್ಟಿ ಎಂದು ತಿಳಿಯಬೇಡಿ. ಮೊದಲ 18 ತಿಂಗಳಲ್ಲಿ ಕೆಟ್ಟರೆ ಬಿಟ್ಟಿಯಾಗಿ ಬದಲಿ ಕೊಡುತ್ತಾರೆ. ಆಮೇಲಿನ 18 ತಿಂಗಳಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತ, ಅಷ್ಟೇ. ಬಾಡಿಗೆ ಗಾಡಿಗೆ ಕೆಲವು ಕಂಪನಿಗಳು ಕಡಿಮೆ ತಿಂಗಳು ಕೊಡುತ್ತವೆ. ಮೊದಲೇ ಕೇಳೋಣ. ಕಾರ್ಡಿನಲ್ಲಿ ತಾರೀಕು, ಬ್ಯಾಟರಿಯ ನಂಬರು, ಅಂಗಡಿಯ ಮೊಹರು ಇಲ್ಲದಿದ್ದರೆ ಅದು ಬರೀ ಕಾಗದ.

ಹಳೆ ಬ್ಯಾಟರಿಯನ್ನು ಹಿತ್ತಲಿಗೆ ಎಸೆಯಬೇಡಿ. ಮನೆಯಲ್ಲಿ ಒಡೆಯಲೂಬೇಡಿ. ಸೀಸ ವಿಷ. ಅದರ ಪುಡಿ ಮಕ್ಕಳ ಹೊಟ್ಟೆ ಸೇರಿದರೆ ಬುದ್ಧಿ ಬೆಳೆಯುವುದಕ್ಕೇ ಪೆಟ್ಟು. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಡಿ. ಅದಕ್ಕೆ ಬೆಲೆ ಇದೆ, ಹೊಸದರ ಹಣದಲ್ಲಿ ಕಳೆಯುತ್ತಾರೆ. ಎಷ್ಟು ಕಳೆದರು ಎಂಬುದನ್ನು ಬಿಲ್ಲಿನಲ್ಲಿ ಬರೆಸಿ, ಅಂಗಡಿಯಲ್ಲೇ ಓದಿ ನೋಡಿ.