ಕುರಿಯ ಲೆಕ್ಕ, ಕೂಲಿಯ ಲೆಕ್ಕ: ಮ್ಹಸವಡದ ಹೆಣ್ಣುಮಕ್ಕಳ ವ್ಯಾಪಾರ ಶಾಲೆ

ಒಕ್ಕಲುತನದ ಮನೆಯಲ್ಲಿ ಕುರಿ, ಆಡು, ಎಮ್ಮೆ, ಕೋಳಿಗಳ ಆರೈಕೆ ಬಹುತೇಕ ಹೆಣ್ಣುಮಕ್ಕಳದೇ. ಅವುಗಳಿಂದ ಉಳಿದದ್ದೆಷ್ಟು ಎಂದು ಕೇಳಿದರೆ ಮಾತ್ರ, ‘ಏನೋ, ಮನೆ ನಡೆದದ’ ಎಂಬ ಉತ್ತರ ಬರುವದು. ಪೇಟೆಯ ದೊಡ್ಡ ವ್ಯಾಪಾರಿಗಳು ರೊಕ್ಕ ಕೊಟ್ಟು ಸಲಹೆಗಾರರನ್ನು ಕರೆಸಿ ತಮ್ಮ ವಹಿಗಳನ್ನು ತೋರಿಸುತ್ತಾರೆ. ಅಂಥ ಸಲಹೆ ಹಳ್ಳಿಯ ಹೆಂಗಸಿಗೂ ಬೇಕೆಂದು ಕಂಡುಕೊಂಡ ಊರೊಂದು ನಮ್ಮ ಜತ್ತ ಭಾಗದಿಂದ ಬಹು ದೂರವಿಲ್ಲ. ಆಟಪಾಡಿಯ ಆಚೆ, ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಮ್ಹಸವಡವೇ ಆ ಊರು. ಭೀಮೆಯನ್ನು ಸೇರುವ ಮಾಣ ನದಿಯ ದಂಡೆಯಲ್ಲಿದ್ದರೂ ಅದು ನಮ್ಮಂತೆಯೇ ಮಳೆಗಾಗಿ ಮುಗಿಲು ನೋಡುವ ಸೀಮೆ.

ಈ ಕೆಲಸ ಹಚ್ಚಿದವರು ಚೇತನಾ ಗಾಲಾ ಸಿನ್ಹಾ. ಮುಂಬಯಿಯಲ್ಲಿ ಬೆಳೆದು ಅರ್ಥಶಾಸ್ತ್ರ ಓದಿದ ಇವರು ಮ್ಹಸವಡದ ಒಕ್ಕಲಿಗರೊಬ್ಬರನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದರು. ಬೀದಿಯ ಬದಿಗೆ ಕುಲುಮೆ ಹೂಡಿ ಬದುಕುತ್ತಿದ್ದ ಹೆಣ್ಣುಮಗಳೊಬ್ಬಳು ಮಳೆಗಾಲಕ್ಕೆ ಮುಂಚೆ ಒಂದು ಪ್ಲಾಸ್ಟಿಕ್ ಹೊದಿಕೆ ಕೊಳ್ಳಲು ದಿನಾ ಸ್ವಲ್ಪ ಉಳಿಸಬೇಕೆಂದಳು. ಯಾವ ಬ್ಯಾಂಕೂ ಅವಳ ಖಾತೆ ತೆರೆಯಲಿಲ್ಲ. ಹಾಗಾದರೆ ನಮ್ಮದೇ ಬ್ಯಾಂಕು ಆಗಲೆಂದು ಇವರು ಹೊರಟರು. ಸ್ಥಾಪಕ ಸದಸ್ಯೆಯರು ಓದುಬರಹ ಬಲ್ಲವರಲ್ಲವೆಂದು ರಿಸರ್ವ್ ಬ್ಯಾಂಕು ಅರ್ಜಿಯನ್ನು ತಿರುಗಿಸಿತು.

ಹೆಣ್ಣುಮಕ್ಕಳು ಸುಮ್ಮನಾಗಲಿಲ್ಲ. ಹಗಲು ದುಡಿದು ರಾತ್ರಿ ಅಕ್ಷರ ಕಲಿತರು. ಐದು ತಿಂಗಳ ಮೇಲೆ ಹದಿನೈದು ಮಂದಿ ಮತ್ತೆ ಅದೇ ಬಾಗಿಲಿಗೆ ಹೋಗಿ, ಯಾವ ಅಸಲಿಗಾದರೂ ಬಡ್ಡಿ ಕೇಳಿರಿ, ಯಂತ್ರವಿಲ್ಲದೆ ಹೇಳುತ್ತೇವೆ, ನಿಮ್ಮ ಅಧಿಕಾರಿಗಳೂ ಹಾಗೆಯೇ ಹೇಳಲಿ ಎಂದರು! 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕು ಆರಂಭವಾಯಿತು. ಕೂಲಿ ಬಿಟ್ಟು ಬ್ಯಾಂಕಿಗೆ ಬರಲಾಗದವರ ಮನೆ ಬಾಗಿಲಿಗೇ ಬ್ಯಾಂಕಿನವರು ಹೋಗುವ ಪದ್ಧತಿಯೂ ಬಂದಿತು.

ಆದರೆ ಸಾಲ ಕೈಗೆ ಬಂದ ಮಾತ್ರಕ್ಕೆ ವ್ಯಾಪಾರ ಬರುವದಿಲ್ಲ. ಆದ್ದರಿಂದ 2006ರಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ವ್ಯಾಪಾರ ಶಾಲೆಯನ್ನು ತೆರೆದರು. ಅದು ಬಸ್ಸಿನಲ್ಲಿಯೂ ಹಳ್ಳಿಯಿಂದ ಹಳ್ಳಿಗೆ ತಿರುಗುವದು. ಆಗಲೇ ಉದ್ಯೋಗ ನಡೆಸುತ್ತಿರುವವರಿಗೆ ‘ದೇಶಿ ಎಂಬಿಎ’ ಎಂಬ ದೀರ್ಘ ಪಾಠಕ್ರಮವುಂಟು. ಅದರಲ್ಲಿ ಅನುಭವಿಗಳು ಜೊತೆಗಿದ್ದು ಸಲಹೆ ಕೊಡುವರು.

ಇಂಥ ಸಲಹೆಯಿಂದ ಆಗುವದೇನು? ನಮ್ಮ ಮಾಡಗ್ಯಾಳ ಕುರಿಯ ಮೇಲೆಯೇ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಸಂತೆಯ ದರ ನೀವು ಹಾಕಿಕೊಳ್ಳಿರಿ.

ಒಬ್ಬಾಕೆ ನೂರಕ್ಕೆ ವರ್ಷಕ್ಕೆ 12ರ ಬಡ್ಡಿಯಂತೆ ಸಾಲ ತಂದು, 6,000 ರೂಪಾಯಿಯಂತೆ ಐದು ಮರಿ ಕೊಂಡಳು. ಆರು ತಿಂಗಳು ಮೇಯಿಸಿ 9,000ದಂತೆ ಮಾರಿದಳು. 30,000 ಹಾಕಿ 45,000 ಬಂದವು, 15,000 ಲಾಭ ಎಂದು ಮನೆಯವರೆಲ್ಲ ಹಿಗ್ಗಿದರು. ಈಗ ಬಡ್ಡಿ 1,800, ಕಡೆಯ ಎರಡು ತಿಂಗಳ ಮೇವಿಗೆ 3,000, ಔಷಧಕ್ಕೆ 500, ಸಂತೆಗೆ ಸಾಗಿಸಲು 700 ಕಳೆಯಿರಿ. ಉಳಿದದ್ದು 9,000. ಇದನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ ಐವತ್ತೇ ರೂಪಾಯಿ. ಅರ್ಧ ದಿನದ ಕೂಲಿಗೆ ಹೋಗಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿದ್ದೀತು. ಐದರಲ್ಲಿ ಒಂದು ಮರಿ ಸತ್ತಿತೆನ್ನಿರಿ, 9,000 ಹೋಗಿ ಕೈಯಲ್ಲಿ ಸೊನ್ನೆ!

ಹದಿನೈದು ಮರಿಗಳಾದರೆ? ಕಾಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಬಡ್ಡಿ 5,400, ಮೇವು 9,000, ಔಷಧ 1,500, ಸಾಗಾಣಿಕೆ 1,100 ಎಂದರೂ 28,000 ಉಳಿಯುವದು, ದಿನಕ್ಕೆ 155 ರೂಪಾಯಿ. ಒಂದು ಸತ್ತರೂ 19,000 ಇದ್ದೇ ಇರುವದು. ಆದರೆ ತೊಂಬತ್ತು ಸಾವಿರ ಸಾಲ ತೆಗೆಯಿರಿ ಎಂದು ನಾವು ಹೇಳುತ್ತಿಲ್ಲ. ಅಷ್ಟು ಮರಿಗಳಿಗೆ ಹುಲ್ಲುಗಾವಲು ಉಂಟೇ, ಬರ ಬಂದರೆ ಮೇವಿನ ದರ ಎಲ್ಲಿಗೇರೀತು, ಪಿಪಿಆರ್ ಬೇನೆಯ ಲಸಿಕೆ ಆಗಿದೆಯೇ? ಇವನ್ನು ಸಾಲ ತೆಗೆಯುವ ಮುಂಚೆ ಕೇಳುವವರು ಬೇಕು. ಸಾಲ ಕೊಡುವವನಿಗಿಂತ ಇದನ್ನು ಕೇಳುವವನೇ ಹತ್ತಿರದ ಬಂಧು ಎಂದು ನನಗನಿಸುತ್ತದೆ.

ಬರದ ಮಾತು ಸುಮ್ಮನೆ ಆಡಿದ್ದಲ್ಲ. 2012-13ರ ಬರದಲ್ಲಿ ಮಾಣದ ಹೆಣ್ಣುಮಗಳೊಬ್ಬಳು ದನಗಳ ಮೇವು ನೀರಿಗಾಗಿ ಬಂಗಾರ ಒತ್ತೆಯಿಡಲು ಇದೇ ಬ್ಯಾಂಕಿಗೆ ಬಂದಳು. ವ್ಯಾಪಾರ ಶಾಲೆ ನಡೆಸುತ್ತೀರಿ, ನೀರೇ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದೂ ಕೇಳಿದಳಂತೆ. ಒತ್ತೆ ಬರೆದುಕೊಂಡು ಕಳಿಸುವದು ಸುಲಭವಿತ್ತು. ಅದರ ಬದಲು ಚೇತನಾ ಅವರು ದನಗಳ ಶಿಬಿರ ತೆರೆದರು. ಅದು ಒಂದೂವರೆ ವರ್ಷ ನಡೆದು ಸಾವಿರಾರು ದನಗಳು ಉಳಿದವು.

ನಮ್ಮ ಊರುಗಳಿಗೆ ಅಂಥ ಬಸ್ಸು ಬರುವ ತನಕ ಒಂದು ನಲವತ್ತು ಪುಟದ ವಹಿಯನ್ನಾದರೂ ತಂದಿಡಿರಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ಕೆಳಗೆ ನಿಮ್ಮ ದುಡಿಮೆಯ ತಾಸು. ಬ್ಯಾಂಕಿನ ಕಾಗದ ಮರಾಠಿಯಲ್ಲಿದ್ದರೂ ವಹಿ ಕನ್ನಡದಲ್ಲಿಯೇ ಇರಲಿ. ಬರೆಯಲು ಬಾರದಿದ್ದರೆ ಸಾಲೆಗೆ ಹೋಗುವ ಮಗಳಿಂದ ಸಂಜೆ ದೀಪ ಹಚ್ಚಿದ ಮೇಲೆ ಬರೆಸಿರಿ, ಹತ್ತು ನಿಮಿಷದ ಕೆಲಸ.