ತಂತಿ ಕಳ್ಳರ ಹೊಸ ಅವತಾರ

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನ ಹೆಸರು ಆ ಭಾಗದವರಿಗೆ ಹೊಸದಲ್ಲ. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಪೊಲಿಟಿಕಲ್ ಏಜೆಂಟನಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ಅಲ್ಲಿದ್ದ. ಬಾಲಕ ರಾಜ ವೆಂಕಟಪ್ಪ ನಾಯಕನ ಹೆಸರಿನೊಡನೆ ಅವನ ಹೆಸರೂ ಊರಿನ ಇತಿಹಾಸದಲ್ಲಿ ಸೇರಿಕೊಂಡಿದೆ. ಆದರೆ ಇಂಗ್ಲೆಂಡಿನಲ್ಲಿ ಅವನು ಹೆಸರು ಮಾಡಿದ್ದು ಸುರಪುರಕ್ಕೆ ಬರುವ ಎರಡು ವರ್ಷ ಮೊದಲು, 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯಿಂದ. ಸೆರೆಸಿಕ್ಕ ಅಮೀರ್ ಅಲಿ ಎಂಬ ಠಕ್ಕ ಆಂಗ್ಲ ಅಧಿಕಾರಿಯ ಎದುರು ತನ್ನ ಬಾಳಿನ ಕಥೆ ಹೇಳಿಕೊಳ್ಳುವುದೇ ಅದರ ವಸ್ತು.

ದಾರಿಗಳ್ಳರಲ್ಲಿ ಈ ಪಂಗಡದ ರೀತಿಯೇ ಬೇರೆ. ಇವರು ಪೊದೆಯ ಮರೆಯಿಂದ ಹಾರಿ ಬೀಳುವವರಲ್ಲ. ಒಳ್ಳೆಯ ಬಟ್ಟೆ ತೊಟ್ಟು, ಸಭ್ಯವಾಗಿ ಮಾತನಾಡುತ್ತ ಪ್ರಯಾಣಿಕರ ಜೊತೆಗೂಡುತ್ತಿದ್ದರು. ಮುಂದಿನ ದಾರಿಯಲ್ಲಿ ಕಳ್ಳಕಾಕರ ಕಾಟ ವಿಪರೀತ, ಒಬ್ಬರೇ ಹೋಗುವುದು ಕ್ಷೇಮವಲ್ಲ, ನಮ್ಮೊಂದಿಗೇ ಬನ್ನಿ ಎಂದು ಕಾಳಜಿ ತೋರಿಸುತ್ತಿದ್ದರು. ಹೀಗೆ ನಂಬಿಸಿ ಕರೆತರುವುದಕ್ಕೆಂದೇ ಗುಂಪಿನಲ್ಲಿ ಪ್ರತ್ಯೇಕ ಜನರಿರುತ್ತಿದ್ದರು. ಅವರಿಗೆ ‘ಸೋಥಾ’ ಎಂದು ಹೆಸರು. ಪ್ರಯಾಣಿಕನ ಭಯ ಪೂರ್ತಿ ನೀಗಿದ ಹೊತ್ತಿನಲ್ಲಿ ಅವನ ಕೊರಳಿಗೆ ಕುಣಿಕೆ ಬೀಳುತ್ತಿತ್ತು.

ದಕ್ಷಿಣದಲ್ಲಿ ಇಂಥವರಿಗೆ ಫಾಸಿಗಾರರೆಂದು ಹೆಸರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಬರೆದ ಪ್ರಬಂಧ ಇವರ ಕನ್ನಡದ ಹೆಸರನ್ನೂ ದಾಖಲಿಸಿದೆ: ‘ತಂತಿ ಕಳ್ಳರು’. ತಂತಿಯ ಕುಣಿಕೆ ಬಳಸುವವರು ಎಂದು ಅದರ ಅರ್ಥ. ಠಕ್ಕರ ಬಗ್ಗೆ ಬ್ರಿಟಿಷರು ಬರೆದದ್ದರಲ್ಲಿ ಉತ್ಪ್ರೇಕ್ಷೆಯ ಪಾಲೆಷ್ಟು ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ನಡೆದಿದೆ. ಅದೇನೇ ಇರಲಿ, ಕಳ್ಳರ ಭಯ ಹುಟ್ಟಿಸಿ ಕಳ್ಳನೇ ಕಾವಲಿಗೆ ನಿಲ್ಲುವ ತಂತ್ರ ಮಾತ್ರ ಅಳಿದಿಲ್ಲ. ಈಗ ಅದು ಇನ್ನೊಂದು ಬಗೆಯ ತಂತಿಯ ಮೂಲಕ ನೇರವಾಗಿ ಮನೆಯೊಳಗೇ ಬರುತ್ತಿದೆ.

ಪರದೆಯ ಮೇಲಿನ ಬಯಲಾಟ

ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ಆ ಬಳಿಕದ ವರ್ಷಗಳಲ್ಲಿ ಶಾಲೆಯ ಪಾಠ, ನೌಕರಿಯ ಅರ್ಜಿ, ಪಹಣಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಒಂದೊಂದಾಗಿ ಕಂಪ್ಯೂಟರಿಗೆ ಬಂದವು. ಯಾದಗಿರಿ, ಶಹಾಪುರ, ಸುರಪುರದ ಅನೇಕ ಮನೆಗಳಲ್ಲಿ ಮಕ್ಕಳ ಓದಿಗೆಂದು ಕೊಂಡ ಒಂದು ಕಂಪ್ಯೂಟರನ್ನೇ ಮನೆಮಂದಿಯೆಲ್ಲ ಬಳಸುತ್ತಾರೆ. ಅರ್ಜಿ ನಮೂನೆಯನ್ನೋ ಹಳೆಯ ಪ್ರಶ್ನೆಪತ್ರಿಕೆಯನ್ನೋ ಹುಡುಕುತ್ತ ಎಲ್ಲೋ ಒಂದು ಕಡೆ ಒತ್ತಿದಾಗ ಪರದೆ ತಟ್ಟನೆ ಕೆಂಪಾಗುತ್ತದೆ. ಕಿವಿಗಡಚಿಕ್ಕುವ ಸದ್ದು, ರಕ್ಕಸನ ಪ್ರವೇಶಕ್ಕೆ ಮೊದಲಿನ ಚಂಡಮದ್ದಳೆಯಂತೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಬ್ಯಾಂಕಿನ ವಿವರಗಳು ಸೋರುತ್ತಿವೆ, ಯಂತ್ರವನ್ನು ಆರಿಸಬೇಡಿ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಇಂಗ್ಲಿಷ್ ಬರಹ. ಮೇಲೆ ಯಾವುದೋ ದೊಡ್ಡ ಕಂಪನಿಯ ಲಾಂಛನ. ಕೋರ್ಟಿನ ನೋಟೀಸಿನಂತೆ ಇಂಗ್ಲಿಷಿನಲ್ಲಿ ಬಂದದ್ದಕ್ಕೆ ನಮ್ಮಲ್ಲಿ ಒಂದು ಗತ್ತು ತಾನಾಗಿಯೇ ಬರುತ್ತದೆ. ಅರ್ಧ ತಿಳಿದ ಮಾತು ಪೂರ್ತಿ ತಿಳಿದದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಅಂತರ್ಜಾಲದ ಒಂದು ಪುಟಕ್ಕೆ ಕಂಪ್ಯೂಟರಿನ ಒಳಹೊಕ್ಕು ಕಡತಗಳನ್ನು ತಪಾಸಣೆ ಮಾಡುವ ಶಕ್ತಿ ಇಲ್ಲ. ಬ್ರೌಸರ್ ಎಂಬ ತಂತ್ರಾಂಶ ಆ ಪುಟವನ್ನು ಪಡಸಾಲೆಯಲ್ಲೇ ಕೂರಿಸುತ್ತದೆ, ನಡುಮನೆಗೆ ಬಿಡುವುದಿಲ್ಲ. ಹಾಗಿರುವಾಗ ಒಳಗೆ ಇಂತಿಷ್ಟು ವೈರಸ್‌ಗಳಿವೆ ಎಂದು ಪುಟವೊಂದು ಲೆಕ್ಕ ಕೊಟ್ಟರೆ ಅದು ಹಸಿ ಸುಳ್ಳು. ತಪಾಸಣೆ ನಡೆದಂತೆ ಸರಸರನೆ ಓಡುವ ಕಡತಗಳ ಪಟ್ಟಿ ಮೊದಲೇ ಮಾಡಿಟ್ಟ ಚಿತ್ರ. ಊರಿನ ಹೆಸರು, ಯಂತ್ರದಲ್ಲಿರುವ ವಿಂಡೋಸ್‌ನ ಆವೃತ್ತಿ ಇಂಥ ವಿವರಗಳನ್ನು ಕಂಡು ಕೆಲವರು ದಂಗಾಗುತ್ತಾರೆ. ಆದರೆ ನಾವು ತೆರೆಯುವ ಯಾವ ತಾಣಕ್ಕಾದರೂ ಈ ಸಾಮಾನ್ಯ ವಿವರಗಳು ಸಿಗುತ್ತವೆ. ಬಾಗಿಲಲ್ಲಿ ನಿಂತವನು ಮನೆಯ ಬಣ್ಣ ಹೇಳಿದರೆ ತಿಜೋರಿಯನ್ನೂ ಕಂಡಿದ್ದಾನೆಂದು ಅರ್ಥವಲ್ಲ.

ಕುಣಿಕೆ ಬೀಳುವುದು ಆ ಸಂಖ್ಯೆಗೆ ಕರೆ ಮಾಡಿದಾಗ. ಕರೆ ಸ್ವೀಕರಿಸಿದವನು ಬಹಳ ವಿನಯದಿಂದ ಮಾತನಾಡುತ್ತಾನೆ. ಯಂತ್ರವನ್ನು ದೂರದಿಂದಲೇ ನಡೆಸುವ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಹೇಳುತ್ತಾನೆ. ಬಳಿಕ ವಿಂಡೋಸ್‌ನ ‘ಈವೆಂಟ್ ವ್ಯೂಯರ್’ ತೆರೆದು ಅಲ್ಲಿನ ಕೆಂಪು ಗುರುತುಗಳನ್ನು ತೋರಿಸಿ, ಇವೇ ರೋಗದ ಲಕ್ಷಣ ಎನ್ನುತ್ತಾನೆ. ಅದು ಯಂತ್ರದ ದಿನಚರಿಯಷ್ಟೇ. ಸಣ್ಣಪುಟ್ಟ ದೋಷಗಳ ಇಂಥ ಗುರುತು ಸುಸ್ಥಿತಿಯಲ್ಲಿರುವ ಕಂಪ್ಯೂಟರಿನಲ್ಲೂ ಇರುತ್ತದೆ. ಮುಂದೆ ದುರಸ್ತಿಯ ಶುಲ್ಕ, ಕಾರ್ಡಿನ ಸಂಖ್ಯೆ, ಓಟಿಪಿ. ಇಷ್ಟು ಹೊತ್ತಿಗೆ ಮನೆಯ ಕೀಲಿಕೈ ಕಳ್ಳನ ಕೈ ಸೇರಿರುತ್ತದೆ, ಅದೂ ಮನೆಯವರೇ ಕೊಟ್ಟದ್ದು.

ಮೊದಲ ವೈರಸ್, ಮೊದಲ ದೂರವಾಣಿ ಸಂಖ್ಯೆ

ಎಚ್ಚರಿಕೆಯ ಜೊತೆಗೆ ದೂರವಾಣಿ ಸಂಖ್ಯೆ ಕೊಡುವ ಪರಿಪಾಠಕ್ಕೆ ವೈರಸ್‌ಗಳಷ್ಟೇ ವಯಸ್ಸಾಗಿದೆ. ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳಿಗೆ ತಗುಲಿದ ಮೊದಲ ವೈರಸ್ ‘ಬ್ರೇನ್’. ಅದನ್ನು 1986ರಲ್ಲಿ ಬರೆದವರು ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರು. ಫ್ಲಾಪಿಯ ಆರಂಭದ ಭಾಗದಲ್ಲಿ ಅಡಗಿ ಕೂರುತ್ತಿದ್ದ ಆ ವೈರಸ್‌ನೊಳಗೆ ಅವರ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು, ಲಸಿಕೆ ಬೇಕಾದವರು ಸಂಪರ್ಕಿಸಬೇಕೆಂಬ ಸೂಚನೆ ಎಲ್ಲವೂ ಇದ್ದವು. ತಾವು ತಯಾರಿಸಿದ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯಲು ಹೀಗೆ ಮಾಡಿದೆವೆಂದು ಆ ಸೋದರರು ಹೇಳಿದ್ದಾರೆ. ಅವರು ಹೆಸರನ್ನಾದರೂ ಮುಚ್ಚಿಡಲಿಲ್ಲ. ಈಗಿನವರಿಗೆ ಹೆಸರೇ ಇಲ್ಲ.

1992ರಲ್ಲಿ ‘ಮೈಕೆಲೆಂಜೆಲೊ’ ಎಂಬ ವೈರಸ್ ಮಾರ್ಚ್ 6ರಂದು, ಆ ಕಲಾವಿದನ ಜನ್ಮದಿನದಂದು, ಲಕ್ಷಗಟ್ಟಲೆ ಕಂಪ್ಯೂಟರುಗಳನ್ನು ಹಾಳುಗೆಡವಲಿದೆ ಎಂಬ ಗುಲ್ಲು ಜಗತ್ತಿನಾದ್ಯಂತ ಹಬ್ಬಿತು. ವೈರಸ್ ನಿಜವಿತ್ತು, ಆದರೆ ಹಾನಿ ಹೇಳಿದ ಪ್ರಮಾಣದ ಹತ್ತಿರಕ್ಕೂ ಬರಲಿಲ್ಲ. ವೈರಸ್ ನಿವಾರಕಗಳು ಮಾತ್ರ ಚೆನ್ನಾಗಿ ಮಾರಾಟವಾದವು. 1994ರಲ್ಲಿ ‘ಗುಡ್ ಟೈಮ್ಸ್’ ಎಂಬ ಶೀರ್ಷಿಕೆಯ ಇ-ಮೇಲ್ ತೆರೆಯಬೇಡಿ ಎಂಬ ಎಚ್ಚರಿಕೆ ಹರಡಿತು. ಅಂಥ ವೈರಸ್ಸೇ ಇರಲಿಲ್ಲ. ಗೆಳೆಯರಿಗೆಲ್ಲ ತಿಳಿಸೋಣವೆಂದು ಒಳ್ಳೆಯ ಮನಸ್ಸಿನ ಜನರೇ ಕಳಿಸಿದ ಎಚ್ಚರಿಕೆ ಪತ್ರವೇ ವೈರಸ್‌ನಂತೆ ಹಬ್ಬಿತು. 2001ರ ಇನ್ನೊಂದು ಪತ್ರ ವಿಂಡೋಸ್‌ನದೇ ಒಂದು ಕಡತದ ಹೆಸರು ಹೇಳಿ, ಅದು ವೈರಸ್, ಅಳಿಸಿಬಿಡಿ ಎಂದಿತು. ಅನೇಕರು ತಮ್ಮ ಕೈಯಾರೆ ಅಳಿಸಿದರು. ಹಗ್ಗವನ್ನು ಹಾವೆಂದು ಬಗೆದವನು ಸಾಮಾನ್ಯವಾಗಿ ಓಡುತ್ತಾನೆ; ಇಲ್ಲಿ ಹಾವೆಂದು ಬಗೆದು ಬಾವಿಯ ಹಗ್ಗವನ್ನೇ ಕತ್ತರಿಸಿ ಹಾಕಿದಂತಾಯಿತು.

ಭಯವನ್ನು ಮಾರಬಹುದೆಂದು ತಿಳಿದ ಮೇಲೆ ಅಂಗಡಿ ತೆರೆಯುವವರು ಬರುವುದು ಸಹಜ. ಉಕ್ರೇನಿನ ಕೀವ್ ನಗರದಿಂದ ವ್ಯವಹರಿಸುತ್ತಿದ್ದ ‘ಇನ್ನೊವೇಟಿವ್ ಮಾರ್ಕೆಟಿಂಗ್’ ಎಂಬ ಸಂಸ್ಥೆ ‘ವಿನ್‌ಫಿಕ್ಸರ್’, ‘ಎಕ್ಸ್‌ಪಿ ಆಂಟಿವೈರಸ್’ ಮುಂತಾದ ಹೆಸರುಗಳಲ್ಲಿ ಹುಸಿ ನಿವಾರಕಗಳನ್ನು ಮಾರಿತು. ಹುಸಿ ತಪಾಸಣೆ, ಹುಸಿ ರೋಗ, ಹುಸಿ ಔಷಧ, ನಿಜವಾದದ್ದು ಹಣವೊಂದೇ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮೋಸಹೋದರೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ದಾವೆ ಹೂಡಿತು. 2012ರಲ್ಲಿ ಅಲ್ಲಿನ ನ್ಯಾಯಾಲಯ ಪ್ರತಿವಾದಿಯೊಬ್ಬರ ಮೇಲೆ 16.3 ಕೋಟಿ ಡಾಲರಿನ ಆದೇಶ ಹೊರಡಿಸಿತು.

ಆಮೇಲಿನ ವರ್ಷಗಳಲ್ಲಿ ಈ ದಂಧೆಯ ಒಂದು ದೊಡ್ಡ ಪಾಲು ಭಾರತದ ನಗರಗಳ ಕಾಲ್ ಸೆಂಟರುಗಳಿಗೆ ಬಂದಿತು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ–2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ದೂರು ಕೊಟ್ಟವರಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳೂ ಇದ್ದವು. ತಮ್ಮ ಸಹಾಯವಾಣಿಯವರೆಂದು ಹೇಳಿಕೊಂಡು ವಿದೇಶಿಯರನ್ನು ದೋಚಲಾಗುತ್ತಿದೆ ಎಂಬುದು ಅವುಗಳ ದೂರು.

ವೇಷ ಬದಲಾದರೂ ಆಟ ಒಂದೇ. ವೈರಸ್ ಎಂದು ಹೆದರಿಸಿದವರೇ ಈಗ ಪೊಲೀಸರ ಸಮವಸ್ತ್ರ ತೊಟ್ಟು ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥ ಒಂದು ಸಂಭಾಷಣೆಯನ್ನು ದೇಶಕ್ಕೆ ಕೇಳಿಸಿದರು. ಅದನ್ನು ಧ್ವನಿಮುದ್ರಿಸಿ ಕಳಿಸಿದವರು ಯಾದಗಿರಿಯ ನೆರೆಯ ವಿಜಯಪುರದವರು. ಹಾಗೆ ಬಂಧಿಸುವ ವ್ಯವಸ್ಥೆ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದ ಪ್ರಧಾನಿ, ನಿಲ್ಲಿ, ಯೋಚಿಸಿ, ಬಳಿಕ ಕ್ರಮ ಕೈಗೊಳ್ಳಿ ಎಂಬ ಮೂರು ಹೆಜ್ಜೆಗಳನ್ನು ಸೂಚಿಸಿದರು.

ಹೆದರದೆ ಮಾಡಬೇಕಾದದ್ದು

ಮನೆಯ ಕಂಪ್ಯೂಟರಿನ ಕೆಂಪು ಪರದೆಗೂ ಅದೇ ಮೂರು ಹೆಜ್ಜೆ ಸಾಕು. ಮೊದಲು ಸದ್ದು ಅಡಗಿಸಿ, ಕೊಟ್ಟ ಸಂಖ್ಯೆಗೆ ಕರೆ ಮಾಡದೆ ಸುಮ್ಮನಿರಬೇಕು. ವಿಂಡೋಸ್‌ನ ನಿಜವಾದ ದೋಷ ಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ತಿಳಿಸಿದೆ. ಈ ಒಂದು ಗುರುತು ನೆನಪಿದ್ದರೆ ಅರ್ಧ ಅಪಾಯ ಕಳೆದಂತೆ.

ಪುಟ ಪರದೆಯನ್ನೆಲ್ಲ ಆವರಿಸಿದ್ದರೆ ‘ಎಸ್ಕೇಪ್’ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಅದು ಕುಗ್ಗಿದ ಮೇಲೆ ಬ್ರೌಸರನ್ನು ಮುಚ್ಚಬಹುದು. ಮುಚ್ಚದಿದ್ದರೆ ‘ಕಂಟ್ರೋಲ್’, ‘ಶಿಫ್ಟ್’, ‘ಎಸ್ಕೇಪ್’ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರನ್ನು ಆರಿಸಿ ನಿಲ್ಲಿಸಬೇಕು. ಅದಕ್ಕೂ ಜಗ್ಗದಿದ್ದರೆ ಪವರ್ ಗುಂಡಿ ಒತ್ತಿ ಹಿಡಿದು ಯಂತ್ರವನ್ನೇ ಆರಿಸಬಹುದು. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ತೆರೆಯಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಬೇಕು.

ಪರದೆಯ ಮೂಲೆಯಲ್ಲಿ ದಿನವೂ ಎಚ್ಚರಿಕೆಗಳು ಇಣುಕುತ್ತಿದ್ದರೆ ಕಾರಣ ಬೇರೆ. ‘ನೀವು ರೋಬೋ ಅಲ್ಲವೆಂದು ಖಚಿತಪಡಿಸಲು ಅಲೋ ಒತ್ತಿ’ ಎಂದು ಎಂದೋ ಒಂದು ತಾಣ ಕೇಳಿರುತ್ತದೆ, ಮನೆಯಲ್ಲಿ ಯಾರೋ ಒತ್ತಿರುತ್ತಾರೆ. ಅದು ಸಂದೇಶ ಕಳಿಸಲು ಕೊಟ್ಟ ಪರವಾನಗಿ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ವಿಭಾಗಕ್ಕೆ ಹೋಗಿ ಗುರುತಿಲ್ಲದ ತಾಣಗಳನ್ನು ತೆಗೆದುಹಾಕಿದರೆ ಕಾಟ ನಿಲ್ಲುತ್ತದೆ.

ಹುಸಿ ಎಚ್ಚರಿಕೆ ಇದೆಯೆಂದ ಮಾತ್ರಕ್ಕೆ ನಿಜವಾದ ವೈರಸ್‌ಗಳಿಲ್ಲವೆಂದಲ್ಲ. ಅವು ಸದ್ದು ಮಾಡದೆ ಬರುತ್ತವೆ. ನಮ್ಮ ಕಡೆ ಅವುಗಳ ಹಳೆಯ ವಾಹನ ಪೆನ್‌ಡ್ರೈವ್. ಝೆರಾಕ್ಸ್ ಅಂಗಡಿಯಿಂದಲೋ ಡಿಟಿಪಿ ಕೇಂದ್ರದಿಂದಲೋ ಮರಳಿದ ಪೆನ್‌ಡ್ರೈವ್‌ನಲ್ಲಿ ಕಡತಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್‌ಗಳು ಕಂಡದ್ದು ಅನೇಕರ ಅನುಭವ. ಇಂಥ ಕುತಂತ್ರಾಂಶ ಕಡತಗಳನ್ನು ಸಾಮಾನ್ಯವಾಗಿ ಅಳಿಸಿರುವುದಿಲ್ಲ, ಮರೆಮಾಡಿರುತ್ತದೆ. ಶಾರ್ಟ್‌ಕಟ್ ಒತ್ತಿದರೆ ಅದು ನಿಮ್ಮ ಯಂತ್ರಕ್ಕೂ ಇಳಿಯುತ್ತದೆ. ಆದ್ದರಿಂದ ಒತ್ತುವ ಮೊದಲು ಪೆನ್‌ಡ್ರೈವನ್ನು ತಪಾಸಣೆಗೆ ಒಳಪಡಿಸಬೇಕು. ಇನ್ನೊಂದು ದಾರಿ ಪುಕ್ಕಟೆಯ ಆಸೆ. ದುಬಾರಿ ತಂತ್ರಾಂಶಗಳ ಬೀಗ ಮುರಿದ ಪ್ರತಿಗಳ ಜೊತೆ ಕುತಂತ್ರಾಂಶವೂ ಬರುತ್ತದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ತಂತ್ರಾಂಶ ಉಚಿತವಾಗಿಯೇ ಸಿಗುವಾಗ ಅದನ್ನು ಹೆಸರಿಲ್ಲದ ತಾಣದಿಂದ ಇಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ತಪಾಸಣೆಗೆ ಹಣ ತೆರಬೇಕಾಗಿಯೂ ಇಲ್ಲ. 2012ರ ವಿಂಡೋಸ್ 8ರಿಂದ ಈಚೆಗೆ ‘ಡಿಫೆಂಡರ್’ ಎಂಬ ನಿವಾರಕ ವಿಂಡೋಸ್‌ನ ಒಳಗೇ ಇದೆ. ವಿಂಡೋಸ್ ಸೆಕ್ಯುರಿಟಿ ತೆರೆದು ಪೂರ್ಣ ತಪಾಸಣೆ ಆರಿಸಿದರೆ ಸಾಕು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವೂ ಉಚಿತ ಸಾಧನಗಳನ್ನು ಒದಗಿಸುತ್ತದೆ. ಒಂದು ಮಾತು ಮಾತ್ರ ಗಮನದಲ್ಲಿರಲಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡುವವರು ಈ ಬಗ್ಗೆ ವಿಚಾರಿಸಿಕೊಳ್ಳಬೇಕು. ಮಕ್ಕಳ ಪ್ರಮಾಣಪತ್ರ, ಮನೆಯ ಕಾಗದಪತ್ರಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಮೋಸಹೋದ ಮೇಲೆ

ಕರೆ ಮಾಡಿ, ಯಂತ್ರವನ್ನು ಬೇರೆಯವರ ಕೈಗೆ ಕೊಟ್ಟಾಗಿದ್ದರೂ ಎಲ್ಲ ಮುಗಿದಿರುವುದಿಲ್ಲ. ತಕ್ಷಣ ಇಂಟರ್‌ನೆಟ್ ಸಂಪರ್ಕ ಕಡಿಯಬೇಕು. ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ, ಕಾರ್ಡು ತಡೆಹಿಡಿಸಬೇಕು. ಬಳಿಕ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ದೂರು ಎಷ್ಟು ಬೇಗ ಬಂದರೆ ಅಷ್ಟು ಹಣವನ್ನು ನಡುದಾರಿಯಲ್ಲಿ ತಡೆಯಬಹುದು. ರಾಜ್ಯದಲ್ಲಿ 2001ರಲ್ಲಿ ಬೆಂಗಳೂರಿನಲ್ಲಿ ಒಂದೇ ಒಂದು ಸೈಬರ್ ಪೊಲೀಸ್ ಠಾಣೆ ಇತ್ತು. ಈಗ ಯಾದಗಿರಿಯೂ ಸೇರಿದಂತೆ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ. ಬೇರೊಬ್ಬರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಆದರೆ ದೂರಿಗೆ ಅಡ್ಡಬರುವುದು ಹಲವು ಸಲ ನಾಚಿಕೆ. ಓದಿದವರಾಗಿ ಹೀಗೆ ಮೋಸಹೋದೆವಲ್ಲ ಎಂದು ಹಿರಿಯರು ಮುಚ್ಚಿಡುತ್ತಾರೆ. ಅಪ್ಪ ಬಯ್ಯುತ್ತಾನೆಂದು ಮಕ್ಕಳು ಬಾಯಿಬಿಡುವುದಿಲ್ಲ. ಕಳ್ಳನಿಗೆ ಬೇಕಾದದ್ದೂ ಈ ಮೌನವೇ; ಅದರ ಮರೆಯಲ್ಲಿ ಅವನು ಹಣವನ್ನು ಕೈಗೆ ಸಿಗದಷ್ಟು ದೂರ ಸಾಗಿಸುತ್ತಾನೆ. ಮನೆಯಲ್ಲಿ ಯಾರೇ ತಪ್ಪಿ ಒತ್ತಿದರೂ ಮೊದಲು ಹೇಳಿಬಿಡು, ಆಮೇಲೆ ನೋಡೋಣ ಎಂಬ ಭರವಸೆ ಇದ್ದರೆ ಅದು ಯಾವ ಆಂಟಿವೈರಸ್‌ಗೂ ಕಡಿಮೆಯಲ್ಲ.

ಹಿಂದಿನ ಪ್ರಯಾಣಿಕನಿಗೆ ಈ ಅನುಕೂಲ ಇರಲಿಲ್ಲ. ಒಮ್ಮೆ ಜೊತೆಗೂಡಿದ ಮೇಲೆ ಅವನಿಗೆ ಹಿಂದಿರುಗುವ ದಾರಿಯೇ ಇರುತ್ತಿರಲಿಲ್ಲ. ಇಂದಿನ ತಂತಿ ಕಳ್ಳ ಎಷ್ಟೇ ಅಬ್ಬರಿಸಿದರೂ ಒಂದು ಗುಂಡಿ ಒತ್ತಿ ಅವನ ಆಟ ನಿಲ್ಲಿಸಬಹುದು. ಅದಕ್ಕೇ ಅವನು ಯಂತ್ರ ಆರಿಸಬೇಡಿ ಎಂದು ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಯುವುದು.