ಕಲ್ಲಿದ್ದಲ ಹೊಂಡಗಳೂ ಬಿಸಿಲಿನ ವಿದ್ಯುತ್ತೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಎಷ್ಟು ಆಳಕ್ಕೆ ಅಗೆದರೂ ಕಲ್ಲಿದ್ದಲು ದೊರೆಯಲಾರದು. ಧಾರವಾಡ ಶಿಲಾವರ್ಗದ ಒಂದು ಪಂಗಡಕ್ಕೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿರುವರು. ಆ ಕಲ್ಲುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಕಲ್ಲಿದ್ದಲಾದರೋ ಮರಗಿಡಗಳ ಅವಶೇಷ. ನೆಲದ ಮೇಲೆ ಸಸ್ಯಗಳು ತಲೆಯೆತ್ತಿದುದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಕಾಡೇ ಇಲ್ಲದ ಕಾಲದ ಕಲ್ಲಿನಲ್ಲಿ ಇದ್ದಲು ಎಲ್ಲಿಂದ ಬಂದೀತು?

ಆದರೂ ಇಲ್ಲಿಯ ದೀಪಗಳಿಗೆ ಕಲ್ಲಿದ್ದಲಿನ ನಂಟು ಉಂಟು. ರಾಯಚೂರಿನ ಶಾಖವಿದ್ಯುತ್ ಕೇಂದ್ರವು 1985ರಿಂದ ಹೊರ ರಾಜ್ಯಗಳ ಕಲ್ಲಿದ್ದಲನ್ನು, ವಿಶೇಷವಾಗಿ ಇಂದಿನ ತೆಲಂಗಾಣದ ಸಿಂಗರೇಣಿಯದನ್ನು, ಉರಿಸಿ ರಾಜ್ಯದ ಜಾಲಕ್ಕೆ ವಿದ್ಯುತ್ತನ್ನು ಒದಗಿಸುತ್ತ ಬಂದಿದೆ. ನಮ್ಮ ಬೆಳಕಿಗಾಗಿ ತೋಡಿದ ಹೊಂಡ ಇನ್ನೊಬ್ಬರ ಊರಿನಲ್ಲಿದೆ.

ಬರಿದಾದ ಹೊಂಡವನ್ನು ಏನು ಮಾಡಬೇಕು? ಜರ್ಮನಿಯ ಲೈಪ್‌ಜಿಗ್ ನಗರದ ಬಳಿ, ಹಿಂದೆ ಕಂದು ಕಲ್ಲಿದ್ದಲನ್ನು ತೆಗೆದ ಸೀಮೆಯಲ್ಲಿ, 2004ರಲ್ಲಿ 5 ಮೆಗಾವ್ಯಾಟ್‌ನ ಸೌರಸ್ಥಾವರವನ್ನು ಕಟ್ಟಿದರು. ಚೀನಾದ ಹುವಾಯ್‌ನಾನ್‌ನಲ್ಲಿ ಗಣಿ ಕುಸಿದು ಕೆರೆಯಾದ ಕಡೆ 2017ರಲ್ಲಿ 40 ಮೆಗಾವ್ಯಾಟ್‌ನ ಫಲಕಗಳನ್ನು ನೀರಿನ ಮೇಲೆಯೇ ತೇಲಿಬಿಟ್ಟರು. ಸಿಂಗರೇಣಿ ಸಂಸ್ಥೆಯೂ ತನ್ನ ಜಮೀನಿನಲ್ಲಿ ಸೌರಸ್ಥಾವರಗಳನ್ನು ನಿಲ್ಲಿಸಿದೆ. ಗಣಿಗೆಂದು ಎಳೆದ ತಂತಿಗಳೂ ಹಾಕಿದ ರಸ್ತೆಗಳೂ ಅಲ್ಲಿ ಸಿದ್ಧವಾಗಿರುತ್ತವೆ; ಬೆಳೆಯ ಭೂಮಿಯನ್ನು ಕಸಿದುಕೊಳ್ಳಬೇಕಾಗಿಲ್ಲ.

ಕೆಲಸ ಮಾತ್ರ ಸುಲಭವಲ್ಲ. ಅಗೆದು ಮತ್ತೆ ತುಂಬಿದ ಮಣ್ಣು ಹಲವು ವರ್ಷ ಇಳಿಯುತ್ತಲೇ ಇರುತ್ತದೆ, ಅದೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಆಳಕ್ಕೆ ಹೂಳಿದ ಕಂಬಗಳು ಓರೆಯಾಗಿ, ಗಾಜಿನ ಫಲಕಗಳು ಬಿರಿಯಬಹುದು. ಆದುದರಿಂದ ಎಷ್ಟೋ ಕಡೆ ಕಾಂಕ್ರೀಟಿನ ದಿಮ್ಮಿಗಳನ್ನು ನೆಲದ ಮೇಲೆ ಸುಮ್ಮನೆ ಕೂರಿಸಿ, ಅವುಗಳ ಭಾರದಿಂದಲೇ ಚೌಕಟ್ಟನ್ನು ಹಿಡಿದಿಡುವರು. ಇದಲ್ಲದೆ ಕಲ್ಲಿದ್ದಲಿನ ಜೊತೆಗಿರುವ, ಕಬ್ಬಿಣ ಗಂಧಕಗಳ ಸಂಯುಕ್ತವಾದ ಪೈರೈಟ್ ಗಾಳಿ ನೀರುಗಳೊಡನೆ ಕೂಡಿ ಗಂಧಕಾಮ್ಲವನ್ನು ಹುಟ್ಟಿಸುತ್ತದೆ. ಅದು ಉಕ್ಕನ್ನು ತಿನ್ನುವುದು.

ಇನ್ನು ನಮ್ಮ ಸೀಮೆಗೆ ಬರೋಣ. ಇಲ್ಲಿ ಬಿಸಿಲು ಧಾರಾಳ, ಸತ್ತ ನೆಲ ಮಾತ್ರ ಇಲ್ಲ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಕ್ತಿಯನ್ನು ತರುತ್ತದೆ. ಸಿಲಿಕಾನ್ ಫಲಕ ಅದರ ಐದನೆಯ ಒಂದು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುವುದೆಂದರೆ, ಒಂದು ಮೆಗಾವ್ಯಾಟಿಗೆ 5,000 ಚದರ ಮೀಟರು, ಅಂದರೆ ಸುಮಾರು ಒಂದೂಕಾಲು ಎಕರೆ ಫಲಕಗಳು ಬೇಕು. ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ಬಿಡಿಸಿಟ್ಟರೆ ನಾಲ್ಕೈದು ಎಕರೆಯಾದೀತು. ಪಾವಗಡದ 2,050 ಮೆಗಾವ್ಯಾಟ್‌ನ ಸೌರವನಕ್ಕೆ ಹಿಡಿದಿರುವುದು ಸುಮಾರು 13,000 ಎಕರೆ. ಅಲ್ಲಿ ಒಡೆಯರಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ ಗೊತ್ತಾಯಿತು; ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಗೇಣಿ ಎಲ್ಲಿಯದು?

ಬರಿದಾಗಿ ಕಾಣುವ ನೆಲವೆಲ್ಲ ಬರಿದಲ್ಲ. ರಾಣೆಬೆನ್ನೂರಿನ ಬಳಿಯ 119 ಚದರ ಕಿಲೋಮೀಟರುಗಳ ಕುರುಚಲು ಬಯಲು ದಾರಿಹೋಕರ ಕಣ್ಣಿಗೆ ಬಂಜರು. ಕೃಷ್ಣಮೃಗಗಳಿಗೆ ಅದೇ ಮನೆ. 1974ರಲ್ಲಿ ಅದು ಅಭಯಾರಣ್ಯವಾಯಿತು. ಹಳೆಯ ಕಲ್ಲುಗಣಿಗಳೇನೋ ಗಟ್ಟಿ ತಳದವು, ಆದರೆ ಆಳವಾದ ಗಣಿಯ ಗೋಡೆಗಳೇ ಬಿಸಿಲನ್ನು ಮರೆಮಾಡುವುವು.

ನಮಗೆ ತೋರುವಂತೆ, ಮೊದಲು ನೋಡಬೇಕಾದುದು ಮಾಡುಗಳನ್ನು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಮಾಸದಂತೆ ಕಾಪಾಡುವ ಶೀತಲಗೃಹಗಳಿವೆ. ಬೇಸಗೆಯಲ್ಲಿ, ಬಿಸಿಲು ಏರಿದಷ್ಟೂ ಅವುಗಳ ಯಂತ್ರಗಳು ಹೆಚ್ಚು ದುಡಿಯಬೇಕು; ಅದೇ ಹೊತ್ತಿಗೆ ಮಾಡಿನ ಫಲಕಗಳೂ ಹೆಚ್ಚು ವಿದ್ಯುತ್ತನ್ನು ಕೊಡುವುವು. 1,000 ಚದರ ಮೀಟರಿನಷ್ಟು ಫಲಕಗಳಿಂದ ನಡುಹಗಲಿಗೆ ಸುಮಾರು 200 ಕಿಲೋವ್ಯಾಟ್ ದೊರೆತೀತು. ರಾತ್ರಿಗೆ ಮಾತ್ರ ತಂತಿಯ ವಿದ್ಯುತ್ತು ಬೇಕು, ಅದರಲ್ಲಿ ರಾಯಚೂರಿನ ಪಾಲೂ ಇರುವುದು.